ಆಫೀಸು, ಮನೆ ಎರಡನ್ನೂ ತೂಗಿಸುವುದು ಹೇಗೆ? ಬೆಂಗಳೂರಿನ ಐಟಿ ಉದ್ಯೋಗಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಫ್ಟ್‌ವೇರ್, ಬಿಪಿಒ, ಬ್ಯಾಂಕುಗಳ ಬ್ಯಾಕ್ ಆಫೀಸ್ ಕೆಲಸದಲ್ಲಿ ಇರುವವರು ಮತ್ತು ಅವರ ಮನೆಯವರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳು ಇವು. ನಾನು ಹಲವು ವರ್ಷಗಳಿಂದ ಟೀಮ್ ಲೀಡ್ ಆಗಿದ್ದೇನೆ. ಎಷ್ಟೋ ಜನ ಒಳ್ಳೆಯ ಕೆಲಸಗಾರರು ಸುಸ್ತಾಗಿ ಕೆಲಸ ಬಿಟ್ಟು ಹೋದದ್ದನ್ನು ಹತ್ತಿರದಿಂದ ನೋಡಿದ್ದೇನೆ. ಅವರಲ್ಲಿ ಯಾರೂ ಸೋಮಾರಿಗಳಾಗಿರಲಿಲ್ಲ, ಯಾರಿಗೂ ಮನೋಬಲ ಕಡಿಮೆ ಇರಲಿಲ್ಲ. ಕೆಲಸದ ಗಂಟೆಗಳ ಬಗ್ಗೆ ಯಾರೂ ಬಾಯಿಬಿಟ್ಟು ಮಾತಾಡಿಕೊಂಡಿರಲಿಲ್ಲ, ಅಷ್ಟೇ. ಮ್ಯಾನೇಜರ್ ಜೊತೆ, ಟೀಮ್ ಜೊತೆ, ಮನೆಯವರ ಜೊತೆ ಆ ಮಾತನ್ನು ಹೇಗೆ ಆಡುವುದು ಅನ್ನುವುದನ್ನೇ ಇಲ್ಲಿ ಜಾಸ್ತಿ ಹೇಳಿದ್ದೇನೆ.

ಪ್ರಶ್ನೆ: ಬ್ಯಾಲೆನ್ಸ್ ಅಂದರೆ ದಿನವನ್ನು ಆಫೀಸಿಗೆ ಅರ್ಧ, ಮನೆಗೆ ಅರ್ಧ ಹಂಚುವುದಾ?

ಹಾಗೆ ಹಂಚಲು ಬರುವುದೇ ಇಲ್ಲ. ಒಮ್ಮೆ ಲೆಕ್ಕ ಹಾಕಿ ನೋಡಿ. ಊಟದ ಹೊತ್ತು ಸೇರಿ ಆಫೀಸಿನಲ್ಲಿ 9 ಗಂಟೆ. ಬನಶಂಕರಿಯಿಂದ ಬೆಳ್ಳಂದೂರಿಗೆ ಹೋಗಿ ಬರುವವರಿಗೆ ರಸ್ತೆಯಲ್ಲೇ ಹತ್ತಿರ ಹತ್ತಿರ 3 ಗಂಟೆ. ನಿದ್ದೆ 7 ಗಂಟೆ. ಸ್ನಾನ, ತಿಂಡಿ, ಬಟ್ಟೆ ಇಸ್ತ್ರಿ, ಡಬ್ಬಿ ಕಟ್ಟುವುದು ಎಲ್ಲ ಸೇರಿ ಒಂದೂವರೆ ಗಂಟೆ. ಇಷ್ಟಕ್ಕೇ ಇಪ್ಪತ್ತೂವರೆ ಗಂಟೆ ಆಯಿತು. ಉಳಿದದ್ದು ಮೂರೂವರೆ. ರಾತ್ರಿಯ ಅಡುಗೆ, ತರಕಾರಿ, ಮಗುವಿನ ಹೋಂವರ್ಕ್, ಅಮ್ಮನಿಗೆ ಫೋನ್, ಗಂಡ ಹೆಂಡತಿ ಕೂತು ಎರಡು ಮಾತು, ಎಲ್ಲವೂ ಆ ಮೂರೂವರೆ ಗಂಟೆಯಲ್ಲೇ ಆಗಬೇಕು.

ಆಫೀಸಿನಲ್ಲಿ 'ಇನ್ನೆರಡು ಗಂಟೆ ಇರಿ' ಅಂದಾಗ ಆ ಎರಡು ಗಂಟೆ 24ರಲ್ಲಿ ಹೋಗುವುದಿಲ್ಲ, ಈ ಮೂರೂವರೆಯಲ್ಲಿ ಹೋಗುತ್ತದೆ. ಉಳಿಯುವುದು ಒಂದೂವರೆ. ಹಾಗಾಗಿ ನಿಮ್ಮ ಮೂರೂವರೆ ಎಷ್ಟಿದೆ ಅಂತ ಮೊದಲು ಬರೆದು ನೋಡಿ. ಕೆಲವರಿಗೆ ಐದು ಇರುತ್ತದೆ, ಕೆಲವರಿಗೆ ಎರಡೂ ಇರುವುದಿಲ್ಲ. ಆ ಸಂಖ್ಯೆ ಗೊತ್ತಿಲ್ಲದೆ ಯಾರ ಜೊತೆಗೂ ಮಾತಾಡಲು ಆಗುವುದಿಲ್ಲ.

ಪ್ರಶ್ನೆ: ಕಾನೂನಿನ ಪ್ರಕಾರ ಎಷ್ಟು ಗಂಟೆ ಕೆಲಸ ಮಾಡಿಸಬಹುದು? ಐಟಿ ಕಂಪನಿಗೆ ವಿನಾಯಿತಿ ಇದೆಯಂತೆ?

ಬೆಂಗಳೂರಿನ ಆಫೀಸುಗಳು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಕೆಳಗೆ ಬರುತ್ತವೆ. ಆ ಕಾಯ್ದೆ ಹೇಳುವುದು ಇಷ್ಟು: ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಮ್ ಸೇರಿದರೂ ದಿನಕ್ಕೆ 10 ಗಂಟೆ ಮೀರಬಾರದು. ಮೂರು ತಿಂಗಳಲ್ಲಿ ಒಟ್ಟು ಓವರ್‌ಟೈಮ್ 50 ಗಂಟೆ ದಾಟಬಾರದು. ಓವರ್‌ಟೈಮ್‌ಗೆ ಸಂಬಳದ ಎರಡು ಪಟ್ಟು ದರ. ಸತತ 5 ಗಂಟೆ ದುಡಿಸಿದ ಮೇಲೆ 1 ಗಂಟೆ ಬಿಡುವು ಕೊಡಬೇಕು. ವಾರಕ್ಕೆ ಒಂದು ಪೂರ್ತಿ ದಿನ ರಜೆ.

ವಿನಾಯಿತಿಯ ಮಾತು ಬಂದಾಗಲೆಲ್ಲ ಒಂದು ಗೊಂದಲ ಆಗುತ್ತದೆ. ರಾಜ್ಯ ಸರ್ಕಾರ ಐಟಿ ಕ್ಷೇತ್ರಕ್ಕೆ ಕೊಡುತ್ತಾ ಬಂದದ್ದು 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ. ಅದನ್ನು 2024ರಲ್ಲಿ ಇನ್ನೂ ಐದು ವರ್ಷಕ್ಕೆ ಮುಂದುವರಿಸಿತು. ಆ ಕಾಯ್ದೆ ಸೇವಾ ನಿಯಮ, ಶಿಸ್ತುಕ್ರಮ ಇಂಥವಕ್ಕೆ ಸಂಬಂಧಿಸಿದ್ದಾಗಿತ್ತು, 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಕೇಂದ್ರದ ಹೊಸ ಕಾರ್ಮಿಕ ಸಂಹಿತೆ ಬಂತು. ಕೆಲಸದ ಗಂಟೆಗಳ ಮಿತಿ ಬೇರೆ ಕಾಯ್ದೆಯಲ್ಲಿದೆ. ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ ಇರುವವರಿಗೆ ಮಾತ್ರ ಈ ಗಂಟೆಗಳ ನಿಯಮ ಅನ್ವಯಿಸುವುದಿಲ್ಲ. ಹಾಗಂತ ಕಾರ್ಡಿನ ಮೇಲೆ 'ಮ್ಯಾನೇಜರ್' ಅಂತ ಬರೆದ ತಕ್ಷಣ ಎಲ್ಲರೂ ಆ ಸಾಲಿಗೆ ಸೇರುತ್ತಾರೆ ಅಂತ ತಿಳಿಯಬೇಡಿ. ನಿಜವಾಗಿ ಆಡಳಿತದ ಅಧಿಕಾರ ಇದೆಯಾ ಅನ್ನುವುದು ಮುಖ್ಯ.

ಈ ಮಿತಿಯನ್ನು ಏರಿಸುವ ಪ್ರಸ್ತಾಪ 2024ರಲ್ಲೂ 2025ರಲ್ಲೂ ಬಂದಿತ್ತು. ಮೊದಲ ಸಲ ಓವರ್‌ಟೈಮ್ ಸೇರಿ ದಿನಕ್ಕೆ 14 ಗಂಟೆ, ಎರಡನೇ ಸಲ 12 ಗಂಟೆ. ಐಟಿ ನೌಕರರ ಸಂಘವಾದ ಕಿಟು ಎರಡು ಸಲವೂ ಬೀದಿಗಿಳಿದು ವಿರೋಧಿಸಿತು. ಇಂಥ ಸುದ್ದಿ ಬಂದಾಗ ಸುಮ್ನೆ ವಾಟ್ಸಾಪ್‌ನಲ್ಲಿ ಹಂಚಿ ಕೈತೊಳೆದುಕೊಳ್ಳಬೇಡಿ. ಪೂರ್ತಿ ಓದಿ. ನಿಮ್ಮ ಮೂರೂವರೆ ಗಂಟೆಯ ವಿಷಯ ಅದು.

ಪ್ರಶ್ನೆ: ವಾರಕ್ಕೆ 70 ಗಂಟೆ ದುಡಿಯಬೇಕು ಅಂತ ದೊಡ್ಡವರೇ ಹೇಳುತ್ತಾರಲ್ಲ?

2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲಿ ಒಬ್ಬರಾದ ನಾರಾಯಣ ಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಂತು. ಕಂಪನಿ ಕಟ್ಟಿದವರ ದುಡಿಮೆಯ ಬಗ್ಗೆ ನನಗೆ ಗೌರವ ಇದೆ. ಆದರೆ ಸ್ವಂತ ಕಂಪನಿಗೆ ದುಡಿಯುವುದು ಬೇರೆ, ಸಂಬಳಕ್ಕೆ ದುಡಿಯುವುದು ಬೇರೆ. ಐದು ದಿನದ ವಾರದಲ್ಲಿ 70 ಗಂಟೆ ಅಂದರೆ ದಿನಕ್ಕೆ 14 ಗಂಟೆ. ಮೇಲಿನ ಲೆಕ್ಕಕ್ಕೆ ಅದನ್ನು ಹಾಕಿ ನೋಡಿ, ಮೂರೂವರೆ ಗಂಟೆ ಹೋಗಿ ನಿದ್ದೆಯಲ್ಲೂ ಒಂದೂವರೆ ಗಂಟೆ ಕಡಿತ ಆಗುತ್ತದೆ.

ದೇಹ ಇದನ್ನು ತಡೆಯುತ್ತದಾ? ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜೊತೆಯಾಗಿ ಒಂದು ವರದಿ ಕೊಟ್ಟವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯು ಬರುವ ಅಪಾಯ ಸುಮಾರು ಶೇ 35ರಷ್ಟು ಹೆಚ್ಚು. ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. 55 ಗಂಟೆಗೇ ಇಷ್ಟು. ನಮ್ಮಲ್ಲಿ ಎಷ್ಟೋ ಜನ ರಾತ್ರಿಯ ಕಾಲ್ ಲೆಕ್ಕಕ್ಕೆ ತೆಗೆದುಕೊಳ್ಳದೆ 'ನಾನು ಮಾಡುವುದು 45 ಗಂಟೆ' ಅಂದುಕೊಂಡಿರುತ್ತಾರೆ. ಒಂದು ವಾರ ಲಾಗಿನ್, ಲಾಗ್ಔಟ್ ಬರೆದಿಡಿ. ಊಟ ಆದ ಮೇಲೆ ಹಾಸಿಗೆಯಲ್ಲಿ ಕೂತು ನೋಡಿದ ಮೇಲ್‌ಗಳನ್ನೂ ಸೇರಿಸಿ.

ಪ್ರಶ್ನೆ: ನಮ್ಮ ಕ್ಲೈಂಟ್ ಅಮೆರಿಕದಲ್ಲಿದ್ದಾರೆ. ರಾತ್ರಿ ಕಾಲ್ ತಪ್ಪಿಸಲು ಹೇಗೆ ಸಾಧ್ಯ?

ಪೂರ್ತಿ ತಪ್ಪಿಸಲು ಆಗುವುದಿಲ್ಲ. ಕಡಿಮೆ ಮಾಡಲು ಖಂಡಿತ ಆಗುತ್ತದೆ. ಬೆಂಗಳೂರಿನ ಮನೆಗಳ ಸಂಜೆಯನ್ನು ತಿಂದು ಹಾಕುವುದು ಇದೊಂದೇ ವಿಷಯ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನ್ಯೂಯಾರ್ಕ್‌ನ ಬೆಳಿಗ್ಗೆ 9.30 ಅಂದರೆ ಅಲ್ಲಿಯ ಬೇಸಿಗೆ ಸಮಯದಲ್ಲಿ ನಮಗೆ ಸಂಜೆ 7 ಗಂಟೆ. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಮಾರ್ಚ್‌ವರೆಗೆ ಅದೇ ಕಾಲ್ ರಾತ್ರಿ 8ಕ್ಕೆ. ಕ್ಯಾಲಿಫೋರ್ನಿಯಾದ ಬೆಳಿಗ್ಗೆ 9 ನಮಗೆ ರಾತ್ರಿ 9.30, ಚಳಿಗಾಲದಲ್ಲಿ ಹತ್ತೂವರೆ. ಅಂದರೆ ನವೆಂಬರ್ ಬಂದಾಗ ನಿಮ್ಮನ್ನು ಯಾರೂ ಕೇಳದೆಯೇ ನಿಮ್ಮ ಸಂಜೆ ಒಂದು ಗಂಟೆ ತಡವಾಗಿ ಮುಗಿಯುತ್ತದೆ. ಗಡಿಯಾರ ಬದಲಾಗುವ ಹದಿನೈದು ದಿನ ಮೊದಲೇ 'ಈ ಚಳಿಗಾಲಕ್ಕೆ ಕಾಲ್ ಒಂದು ಗಂಟೆ ಮುಂಚೆ ಇಟ್ಟುಕೊಳ್ಳೋಣ' ಅಂತ ಒಂದು ಮೇಲ್ ಹಾಕಿ. ನಾನು ನೋಡಿದ ಹಾಗೆ ಅಲ್ಲಿಯವರು ಬಹುತೇಕ ಒಪ್ಪುತ್ತಾರೆ. ನಮ್ಮ ಗಡಿಯಾರ ಬದಲಾಗುವುದಿಲ್ಲ ಅನ್ನುವುದೇ ಅವರಲ್ಲಿ ತುಂಬ ಜನಕ್ಕೆ ಗೊತ್ತಿರುವುದಿಲ್ಲ.

ಎರಡನೆಯದು, ಕಾಲ್ ಯಾವಾಗಲೂ ಅವರ ಬೆಳಿಗ್ಗೆಗೇ ಇರಬೇಕು ಅಂತ ಯಾರು ಹೇಳಿದರು? ಕ್ಯಾಲಿಫೋರ್ನಿಯಾದ ಸಂಜೆ ಏಳೂವರೆ ಅಂದರೆ ನಮಗೆ ಬೆಳಿಗ್ಗೆ 8, ಚಳಿಗಾಲದಲ್ಲಿ 9. ವಾರದಲ್ಲಿ ಎರಡು ದಿನ ನಮ್ಮ ರಾತ್ರಿ, ಎರಡು ದಿನ ಅವರ ಸಂಜೆ ಅಂತ ಹಂಚಿಕೊಂಡ ಟೀಮ್‌ಗಳು ಇವೆ. ಕಷ್ಟ ಎರಡು ಕಡೆಗೂ ಸಮ ಆದಾಗ 'ಈ ಕಾಲ್ ನಿಜವಾಗಿ ಬೇಕಾ' ಅನ್ನುವ ಪ್ರಶ್ನೆ ತಾನಾಗಿಯೇ ಬರುತ್ತದೆ.

ಮೂರನೆಯದು ಹ್ಯಾಂಡೋವರ್, ಅಂದರೆ ನಮ್ಮ ದಿನ ಮುಗಿದಾಗ ಕೆಲಸವನ್ನು ಅಲ್ಲಿಯವರ ಕೈಗೆ ಒಪ್ಪಿಸುವುದು. ಪ್ರತಿದಿನ ರಾತ್ರಿ ಕಾಲ್ ಇರುವ ಟೀಮ್‌ಗಳಲ್ಲಿ ಹೆಚ್ಚಿನವಕ್ಕೆ ಒಳ್ಳೆಯ ಹ್ಯಾಂಡೋವರ್ ಟಿಪ್ಪಣಿ ಬರೆಯುವ ಅಭ್ಯಾಸ ಇಲ್ಲ. ಬರೆಯದ್ದನ್ನು ಬಾಯಲ್ಲಿ ಹೇಳಬೇಕಾಗುತ್ತದೆ, ಅದಕ್ಕೆ ಎಂಟು ಜನ ಲಾಗಿನ್ ಆಗಬೇಕಾಗುತ್ತದೆ. ಟಿಪ್ಪಣಿಯಲ್ಲಿ ನಾಲ್ಕು ಸಾಲು ಸಾಕು: ಇವತ್ತು ಏನು ಮುಗಿಯಿತು, ಎಲ್ಲಿ ನಿಂತಿದೆ, ಯಾರಿಂದ ಏನು ಬೇಕು, ನಾಳೆ ಬೆಳಿಗ್ಗೆ ನಾವು ಬರುವಷ್ಟರಲ್ಲಿ ನೀವು ಏನು ತೀರ್ಮಾನ ಮಾಡಿರಬೇಕು. ಈ ಕೊನೆಯ ಸಾಲನ್ನು ತುಂಬ ಜನ ಬರೆಯುವುದಿಲ್ಲ. ಅದನ್ನು ಬರೆದರೆ ಅರ್ಧ ಕಾಲ್‌ಗಳು ಬೇಕಾಗುವುದಿಲ್ಲ.

ಕಾಲ್ ಇರುವ ದಿನ ಎಲ್ಲರೂ ಕೂರುವ ಬದಲು ಸರದಿ ಮಾಡಿಕೊಳ್ಳಿ. ರಾತ್ರಿ 10.30ಕ್ಕೆ ಕೂತವರು ಮಾರನೆ ದಿನ ತಡವಾಗಿ ಬರುವುದನ್ನು ಕ್ಯಾಲೆಂಡರ್‌ನಲ್ಲೇ ಹಾಕಿಬಿಡಿ. ಬಾಯಿಮಾತಿನಲ್ಲಿ ಇದ್ದರೆ ಬೆಳಿಗ್ಗೆ 9ರ ಮೀಟಿಂಗ್ ಬಂದೇ ಬರುತ್ತದೆ.

ಪ್ರಶ್ನೆ: ಭಾನುವಾರ ಮೆಸೇಜ್ ಬಂದರೆ ಉತ್ತರ ಕೊಡಬೇಕಾ?

ತುರ್ತು ಇದ್ದರೆ ಕೊಡಿ. ತುರ್ತು ಯಾವುದು ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ನಮ್ಮ ಟೀಮ್‌ನಲ್ಲಿ ಇರುವ ನಿಯಮ ಬಹಳ ಸರಳ. ಸಿಸ್ಟಮ್ ನಿಂತುಹೋದರೆ ಫೋನ್ ಮಾಡಬೇಕು. ಬೇರೆ ಏನೇ ಇದ್ದರೂ ಮೆಸೇಜ್ ಹಾಕಬಹುದು, ಆದರೆ ಸೋಮವಾರಕ್ಕೆ ಮೊದಲು ಉತ್ತರ ಬರುತ್ತದೆ ಅಂತ ಕಾಯಬಾರದು. ಆ ವಾರ ಆನ್‌ಕಾಲ್ ಇರುವ, ಅಂದರೆ ತುರ್ತು ಕರೆ ನೋಡಿಕೊಳ್ಳುವ ಸರದಿಯ ಒಬ್ಬರು ಬಿಟ್ಟು ಉಳಿದವರು ಟೀಮ್ಸ್, ಸ್ಲಾಕ್ ನೋಟಿಫಿಕೇಶನ್ ಶುಕ್ರವಾರ ಸಂಜೆಯೇ ಆಫ್ ಮಾಡುತ್ತಾರೆ. ಫೋನ್ ರಿಂಗ್ ಆಗದಿದ್ದರೆ ಏನೂ ಆಗಿಲ್ಲ ಅಂತ ಎಲ್ಲರಿಗೂ ಗೊತ್ತು.

ಕಾನೂನಿನ ಬೆಂಬಲ ಕೇಳಿದರೆ, ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕಕ್ಕೆ ಸಿಗದಿರುವ ಹಕ್ಕು ಇದೆ. ನಮ್ಮಲ್ಲಿ ಇಲ್ಲ. ಸಂಸದೆ ಸುಪ್ರಿಯಾ ಸುಳೆ ಅವರು ಲೋಕಸಭೆಯಲ್ಲಿ ಇದಕ್ಕಾಗಿ ಖಾಸಗಿ ಮಸೂದೆ (ಸರ್ಕಾರ ಅಲ್ಲದೆ ಸಂಸದರೇ ತರುವ ಮಸೂದೆ) ಮಂಡಿಸಿದ್ದಾರೆ, 2025ರ ಡಿಸೆಂಬರ್‌ನಲ್ಲೂ ಮತ್ತೆ ತಂದರು. ಖಾಸಗಿ ಮಸೂದೆಗಳು ಕಾಯ್ದೆ ಆಗುವುದು ಬಹಳ ಅಪರೂಪ. ಅಲ್ಲಿಯವರೆಗೆ ಟೀಮ್‌ನ ಒಪ್ಪಂದವೇ ನಿಮ್ಮ ಕಾನೂನು.

ಪ್ರಶ್ನೆ: ಮ್ಯಾನೇಜರ್‌ಗೆ 'ಆಗಲ್ಲ' ಅಂದರೆ ಅಪ್ರೈಸಲ್‌ಗೆ ಪೆಟ್ಟು ಬೀಳುವುದಿಲ್ವಾ?

ಬರೀ 'ಆಗಲ್ಲ' ಅಂದರೆ ಬೀಳಬಹುದು. ಅದಕ್ಕೇ ಆ ಮಾತನ್ನು ಒಂಟಿಯಾಗಿ ಹೇಳಬೇಡಿ. ಕೈಯಲ್ಲಿ ಇರುವ ಕೆಲಸಗಳನ್ನು ಮುಂದಿಟ್ಟು ಕೇಳಿ. 'ಸರ್, ಈ ವಾರ ನನ್ನ ಹತ್ತಿರ ಪೇಮೆಂಟ್ ಮಾಡ್ಯೂಲ್ ಇದೆ, ಆಡಿಟ್ ರಿಪೋರ್ಟ್ ಇದೆ. ಇದನ್ನೂ ತಗೊಂಡ್ರೆ ಮೂರರಲ್ಲಿ ಒಂದು ಮುಂದಿನ ಬುಧವಾರಕ್ಕೆ ಹೋಗುತ್ತೆ. ಯಾವುದು ಹೋದ್ರೆ ಪರವಾಗಿಲ್ಲ?' ಇಷ್ಟೇ ಮಾತು. ಇಲ್ಲಿ ನೀವು ಕೆಲಸ ಬೇಡ ಅಂದಿಲ್ಲ. ಯಾವುದು ಮೊದಲು ಅನ್ನುವ ತೀರ್ಮಾನವನ್ನು ಅದು ಯಾರ ಕೆಲಸವೋ ಅವರಿಗೇ ಒಪ್ಪಿಸಿದ್ದೀರಿ.

ಮಾತು ಮುಗಿದ ಮೇಲೆ ಅದನ್ನೇ ಎರಡು ಸಾಲಿನ ಮೇಲ್ ಮಾಡಿ ಕಳಿಸಿ. ಜಗಳಕ್ಕೆ ಸಾಕ್ಷಿ ಇಡಲು ಅಂತ ಅಲ್ಲ, ಮ್ಯಾನೇಜರ್‌ಗೂ ಹತ್ತು ಜನರ ಹತ್ತು ವಿಷಯ ತಲೆಯಲ್ಲಿ ಇರುತ್ತದೆ, ಮರೆತುಹೋಗುತ್ತದೆ. ಸಂಜೆ 6.30ಕ್ಕೆ ಹೊರಡಬೇಕಾದವರು ಅದನ್ನು 6.25ಕ್ಕೆ ಹೇಳಬಾರದು. ಬೆಳಿಗ್ಗೆ ಸ್ಟ್ಯಾಂಡಪ್‌ನಲ್ಲೇ, ಅಂದರೆ ದಿನದ ಶುರುವಿನ ಚಿಕ್ಕ ಟೀಮ್ ಮೀಟಿಂಗ್‌ನಲ್ಲೇ ಹೇಳಬೇಕು. 'ಇವತ್ತು ಮಗುವನ್ನ ಡೇಕೇರ್‌ನಿಂದ ಕರ್ಕೊಂಡು ಬರಬೇಕು, ಆರೂವರೆಗೆ ಹೊರಡ್ತೀನಿ, ಏನಾದ್ರೂ ಬೇಕಿದ್ರೆ ಐದರೊಳಗೆ ಹೇಳಿ' ಅಂದರೆ ಯಾರಿಗೂ ಅದು ಓಡಿಹೋದ ಹಾಗೆ ಕಾಣುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಪ್ರತಿ ವಾರ ಅದೇ ಕಥೆ ಆದರೆ ಅದು ನಿಮ್ಮ ಮಾತಿನ ಕೊರತೆ ಅಲ್ಲ. ಆ ಟೀಮ್‌ಗೆ ಜನ ಸಾಲದು.

ಪ್ರಶ್ನೆ: ಟ್ರಾಫಿಕ್‌ನಲ್ಲೇ ಜೀವನ ಹೋಗುತ್ತಿದೆ. ಏನು ಮಾಡುವುದು?

ಸಾಧ್ಯ ಇದ್ದರೆ ಬಾಡಿಗೆ ಮನೆಯನ್ನು ಮೆಟ್ರೊ ದಾರಿ ನೋಡಿ ಹಿಡಿಯಿರಿ. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರದವರೆಗೆ ಹೋಗುತ್ತದೆ. ಬಾಡಿಗೆ ಎರಡು ಮೂರು ಸಾವಿರ ಜಾಸ್ತಿ ಆದರೂ ದಿನಕ್ಕೆ ಒಂದು ಗಂಟೆ ಉಳಿದರೆ ಅದು ಒಳ್ಳೆಯ ವ್ಯಾಪಾರ. ಔಟರ್ ರಿಂಗ್ ರೋಡ್ ಕಡೆ ಹೋಗುವವರು ಬೆಳಿಗ್ಗೆ 7ಕ್ಕೆ ಹೊರಟು ಸಂಜೆ 4ಕ್ಕೆ ವಾಪಸ್ ಬಂದು, ಉಳಿದದ್ದನ್ನು ಮನೆಯಿಂದ ಮುಗಿಸಬಹುದಾ ಅಂತ ಕೇಳಿ. ವಾರಕ್ಕೆ ಮೂರು ದಿನ ಆಫೀಸಿಗೆ ಬರಬೇಕು ಅನ್ನುವ ನಿಯಮ ಇದ್ದರೂ ಎಷ್ಟು ಗಂಟೆಗೆ ಬರಬೇಕು ಅನ್ನುವುದನ್ನು ಎಷ್ಟೋ ಕಂಪನಿಗಳು ಟೀಮ್‌ಗೇ ಬಿಟ್ಟಿರುತ್ತವೆ. ಕೇಳದವರಿಗೆ ಸಿಗುವುದಿಲ್ಲ.

ಪ್ರಶ್ನೆ: ವರ್ಕ್ ಫ್ರಂ ಹೋಮ್ ಇದ್ದಾಗ ಮನೆಯವರು 'ಮನೇಲೇ ಇದ್ದೀಯಲ್ಲ' ಅಂತಾರೆ. ಆಫೀಸಿನವರೂ 'ಮನೇಲೇ ಇದ್ದೀರಲ್ಲ' ಅಂತಾರೆ!

ಎರಡು ಕಡೆಗೂ ಒಂದೇ ಉತ್ತರ, ಸಮಯ ಹೇಳಿಬಿಡಿ. ಅಮ್ಮನಿಗೆ ಟೀಮ್ಸ್ ಅಂದರೆ ಏನು ಅಂತ ಗೊತ್ತಿರಬೇಕಾಗಿಲ್ಲ. 'ಅಮ್ಮ, ಹನ್ನೊಂದರಿಂದ ಒಂದರವರೆಗೆ ಕರೀಬೇಡ, ಒಂದು ಗಂಟೆಗೆ ನಾನೇ ಬಂದು ಊಟಕ್ಕೆ ಕೂರ್ತೀನಿ' ಅಂದರೆ ಅವರಿಗೂ ಅನುಕೂಲ. ಸಿಲಿಂಡರ್ ಬಂದರೆ ಯಾರು ತೆಗೆದುಕೊಳ್ಳಬೇಕು, ಬಾಗಿಲು ಯಾರು ತೆಗೆಯಬೇಕು ಅನ್ನುವುದನ್ನೂ ಮಾತಾಡಿಕೊಳ್ಳಿ. ಜಗಳ ಆಗುವುದು ಇಂಥ ಚಿಕ್ಕ ವಿಷಯಕ್ಕೇ. ಇನ್ನು ಆಫೀಸಿಗೆ, ಕೆಲಸ ಮುಗಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿ ಜಿಪ್ ಎಳೆಯಿರಿ. ಊಟದ ಮೇಜಿನ ಮೇಲೆ ತೆರೆದು ಇಟ್ಟರೆ ಕೈ ಅದರ ಕಡೆಗೇ ಹೋಗುತ್ತದೆ.

ಪ್ರಶ್ನೆ: ಹೆಂಗಸರಿಗೆ ಈ ಸಲಹೆಗಳೆಲ್ಲ ಸಾಲುತ್ತವಾ? ಆಫೀಸು ಮುಗಿದ ಮೇಲೆ ಮನೆಯಲ್ಲಿ ಎರಡನೇ ಶಿಫ್ಟ್ ಶುರು.

ಸಾಲುವುದಿಲ್ಲ. ಇದನ್ನು ನೇರವಾಗಿ ಹೇಳಬೇಕು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳ ಇಲ್ಲದ ಮನೆಗೆಲಸ ಮಾಡುವ ಮಹಿಳೆಯರು ದಿನಕ್ಕೆ 289 ನಿಮಿಷ ಅದರಲ್ಲಿ ಕಳೆಯುತ್ತಾರೆ. ಅದೇ ಕೆಲಸ ಮಾಡುವ ಗಂಡಸರು 88 ನಿಮಿಷ. ಇದು ಇಡೀ ದೇಶದ ಲೆಕ್ಕ, ಕೆಲಸಕ್ಕೆ ಹೋಗುವವರದ್ದು ಮಾತ್ರ ಅಲ್ಲ. ಆದರೆ ಯಾವ ಮನೆಯಲ್ಲಿ ಕೂತು ಇದನ್ನು ಓದಿದರೂ ಗುರುತು ಸಿಗುತ್ತದೆ, ಅಲ್ವಾ?

ಗಂಡಸರಿಗೆ ನನ್ನ ಮಾತು: 'ಸಹಾಯ ಮಾಡುತ್ತೇನೆ' ಅನ್ನುವುದನ್ನು ಬಿಡಿ. ಪೂರ್ತಿ ಕೆಲಸವನ್ನೇ ತೆಗೆದುಕೊಳ್ಳಿ. ಬೆಳಗಿನ ತಿಂಡಿ ನಿಮ್ಮದು ಅಂದರೆ ಹಿಂದಿನ ರಾತ್ರಿ ಇಡ್ಲಿ ಹಿಟ್ಟು ಇದೆಯಾ, ಚಟ್ನಿಗೆ ಕಾಯಿ ಇದೆಯಾ, ಮಗುವಿನ ಡಬ್ಬಿ ತೊಳೆದಿದೆಯಾ ಅಂತ ನೋಡುವುದೂ ನಿಮ್ಮದೇ. ಹೆಂಡತಿ ಹೇಳಿದ ಮೇಲೆ ಮಾಡಿದರೆ ಅವಳ ತಲೆಯ ಭಾರ ಕಡಿಮೆ ಆಗುವುದಿಲ್ಲ. ಭಾರ ಇರುವುದೇ ನೆನಪಿಟ್ಟುಕೊಳ್ಳುವುದರಲ್ಲಿ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಫ್ರಿಜ್ ಬಾಗಿಲ ಮೇಲೆ ವಾರದ ಪಟ್ಟಿ ಅಂಟಿಸಿದ್ದಾರೆ. ಸ್ಕೂಲ್ ವ್ಯಾನ್ ಫೀಸು, ಗ್ಯಾಸ್ ಬುಕಿಂಗ್, ಅತ್ತೆಯ ಬಿಪಿ ಮಾತ್ರೆ, ಕೆಲಸದವರು ರಜೆ ಹಾಕಿದರೆ ಪಾತ್ರೆ ಯಾರು, ಹೀಗೆ ಪ್ರತಿಯೊಂದರ ಮುಂದೆ ಒಬ್ಬರ ಹೆಸರು. ಇಬ್ಬರ ಹೆಸರು ಬರೆಯುವಂತಿಲ್ಲ, ಯಾಕಂದರೆ ಇಬ್ಬರದೂ ಅಂದದ್ದು ಕೊನೆಗೆ ಅವಳ ಪಾಲಿಗೇ ಬರುತ್ತಿತ್ತು.

ಹಕ್ಕುಗಳ ಬಗ್ಗೆಯೂ ಗೊತ್ತಿರಲಿ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. 50 ಅಥವಾ ಹೆಚ್ಚು ಉದ್ಯೋಗಿಗಳು ಇರುವ ಕಡೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ರಾತ್ರಿ ಪಾಳಿಗೆ ಒಪ್ಪಿಗೆ ಬೇಕು, ಮನೆಯವರೆಗೆ ವಾಹನ ಕೊಡಬೇಕು. 2025ರ ಕೊನೆಯಲ್ಲಿ ರಾಜ್ಯ ಸರ್ಕಾರ ತಿಂಗಳಿಗೆ ಒಂದು ದಿನ ವೇತನ ಸಹಿತ ಮುಟ್ಟಿನ ರಜೆಗೆ ಆದೇಶ ಹೊರಡಿಸಿತು, ಅದು ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ನಿಮ್ಮ ಕಂಪನಿಯಲ್ಲಿ ಇದಕ್ಕೆ ಏನು ವ್ಯವಸ್ಥೆ ಅಂತ ಎಚ್‌ಆರ್‌ಗೆ ಬರೆದು ಕೇಳಿ. ಸಂಕೋಚದ ವಿಷಯವೇ ಅಲ್ಲ.

ಪ್ರಶ್ನೆ: ರಜೆ ಇದೆ, ಆದರೆ ಕೇಳಲು ಹಿಂಜರಿಕೆ. ಏನು ಮಾಡಲಿ?

ವರ್ಷದ ಶುರುವಿನಲ್ಲೇ ಹಾಕಿಬಿಡಿ. ಜನವರಿಯಲ್ಲಿ ಕ್ಯಾಲೆಂಡರ್ ಮುಂದಿಟ್ಟುಕೊಂಡು ಯುಗಾದಿ, ಊರ ಜಾತ್ರೆ, ಮಕ್ಕಳ ಬೇಸಿಗೆ ರಜೆ, ಗೌರಿ ಗಣೇಶ, ದಸರಾ, ದೀಪಾವಳಿ ಇವುಗಳಲ್ಲಿ ನಿಮಗೆ ಯಾವುದು ಬಿಡಲಾಗದ್ದು ಅಂತ ಎರಡು ಮೂರನ್ನು ಆರಿಸಿ, ಅವತ್ತೇ ಸಿಸ್ಟಮ್‌ನಲ್ಲಿ ಅರ್ಜಿ ಹಾಕಿ. ಆರು ತಿಂಗಳು ಮೊದಲು ಕೇಳಿದ ರಜೆಗೆ ಯಾರೂ ಬೇಡ ಅನ್ನುವುದಿಲ್ಲ. ಹದಿನೈದು ದಿನ ಇರುವಾಗ ಕೇಳಿದರೆ ರಿಲೀಸ್ (ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಬಿಡುಗಡೆ) ಅಡ್ಡ ಬರುತ್ತದೆ. ಅಂಗಡಿ ಕಾಯ್ದೆಯ ಪ್ರಕಾರ ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳದ ರಜೆ ಬರುತ್ತದೆ. ಅದು ನೀವು ಗಳಿಸಿದ್ದು.

ರಜೆಯ ಮೇಲ್‌ನಲ್ಲಿ 'ತುರ್ತು ಇದ್ದರೆ ಸಿಗುತ್ತೇನೆ' ಅಂತ ಬರೆಯುವ ಅಭ್ಯಾಸ ಬಿಡಿ. ನಿಮ್ಮ ಬದಲಿಗೆ ಯಾರು ನೋಡುತ್ತಾರೆ ಅಂತ ಬರೆಯಿರಿ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಊರಿನ ಬಸ್ ಹತ್ತಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಹಾಟ್‌ಸ್ಪಾಟ್ ಸಿಗ್ನಲ್ ಹುಡುಕುವ ಹುಡುಗ ಹುಡುಗಿಯರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಅವರು ಇನ್ನೂ ರಜೆಯಲ್ಲಿ ಇಲ್ಲ.

ಪ್ರಶ್ನೆ: ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ. ಹೋಗಲು ಆಗುತ್ತಿಲ್ಲ ಅನ್ನುವ ಕೊರಗು.

ಇದು ಹಾಸನ, ಶಿರಸಿ, ಕಲಬುರಗಿ ಎಲ್ಲಿಂದ ಬಂದವರಿಗೂ ಇರುವ ಕೊರಗು. ದಿನಾ ಎರಡು ನಿಮಿಷದ 'ಊಟ ಆಯ್ತಾ' ಫೋನ್‌ಗಿಂತ ವಾರಕ್ಕೆ ಎರಡು ಸಲ ಇಪ್ಪತ್ತು ನಿಮಿಷದ ಬಿಡುವಿನ ಫೋನ್ ಅವರಿಗೆ ಜಾಸ್ತಿ ಇಷ್ಟ ಆಗಬಹುದು, ಕೇಳಿ ನೋಡಿ. ಹೈಬ್ರಿಡ್ ಕೆಲಸ ಇದ್ದರೆ ತಿಂಗಳಿಗೆ ಒಂದು ವಾರ ಊರಿನಿಂದ ಕೆಲಸ ಮಾಡಲು ಅನುಮತಿ ಕೇಳಿ. ಆಸ್ಪತ್ರೆಯ ತಪಾಸಣೆ, ಬ್ಯಾಂಕಿನ ಕೆಲಸ ಎಲ್ಲವನ್ನೂ ಆ ವಾರಕ್ಕೆ ಇಟ್ಟುಕೊಳ್ಳಬಹುದು. ಅಣ್ಣ ತಮ್ಮ, ಅಕ್ಕ ತಂಗಿ ಇದ್ದರೆ ಯಾರು ಯಾವ ತಿಂಗಳು ಅಂತ ಹಂಚಿಕೊಳ್ಳಿ.

ಪ್ರಶ್ನೆ: ಬರೀ ಸುಸ್ತು ಯಾವುದು, ಬರ್ನ್‌ಔಟ್ ಯಾವುದು?

ಎರಡು ದಿನ ಚೆನ್ನಾಗಿ ಮಲಗಿ ಎದ್ದರೆ ಹೋಗುವುದು ಸುಸ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ ವಿವರಿಸಿತು. ಅದನ್ನು ಕಾಯಿಲೆಗಳ ಸಾಲಿಗೆ ಸೇರಿಸಿಲ್ಲ. ಅದರಲ್ಲಿ ಮೂರು ಲಕ್ಷಣ ಹೇಳಿದೆ: ಶಕ್ತಿಯೆಲ್ಲ ಬತ್ತಿಹೋದ ಅನುಭವ, ಕೆಲಸದ ಬಗ್ಗೆ ದೂರ ಅಥವಾ ಕಹಿ, ಮತ್ತು ಮಾಡುವ ಕೆಲಸದ ಗುಣಮಟ್ಟ ಇಳಿಯುವುದು. ಅದರ ಕಾರಣವನ್ನೂ ಅಲ್ಲೇ ಹೇಳಿದ್ದಾರೆ, ಕೆಲಸದ ಜಾಗದಲ್ಲಿ ಬಹಳ ಕಾಲ ಸರಿಯಾಗಿ ನಿಭಾಯಿಸದೆ ಉಳಿದ ಒತ್ತಡ. ಅಂದರೆ ನೀವು ಯೋಗ ಮಾಡಲಿಲ್ಲ ಅಂತ ಬಂದದ್ದಲ್ಲ ಅದು.

ನಾನು ಟೀಮ್‌ನಲ್ಲಿ ಗಮನಿಸುವ ಗುರುತುಗಳು ಬೇರೆ. ಯಾವಾಗಲೂ ಪ್ರಶ್ನೆ ಕೇಳುವವರು ಮೀಟಿಂಗ್‌ನಲ್ಲಿ ಸುಮ್ಮನಾಗುತ್ತಾರೆ. ಊಟಕ್ಕೆ ಜೊತೆಗೆ ಬರುವುದನ್ನು ಬಿಡುತ್ತಾರೆ. ಚಿಕ್ಕ ಮೇಲ್‌ಗೂ ಉತ್ತರ ಬರೆಯಲು ಅರ್ಧ ದಿನ ಹಿಡಿಯುತ್ತದೆ. ಭಾನುವಾರ ಮಧ್ಯಾಹ್ನದಿಂದಲೇ ಹೊಟ್ಟೆಯಲ್ಲಿ ಕಸಿವಿಸಿ ಅಂತ ಒಬ್ಬರು ಹೇಳಿದ್ದರು. ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ನಿದ್ದೆ ಬಾರದಿದ್ದರೆ, ಅಳು ಬರುತ್ತಲೇ ಇದ್ದರೆ, ಬದುಕೇ ಬೇಡ ಅನ್ನಿಸಿದರೆ ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದ ಈ ಸೇವೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇದಕ್ಕೆ ದೇಶದ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಮನೋವೈದ್ಯರನ್ನು ನೋಡುವುದಕ್ಕೆ ಮ್ಯಾನೇಜರ್‌ಗೆ ಕಾರಣ ಹೇಳಬೇಕಾಗಿಲ್ಲ, 'ಡಾಕ್ಟರ್ ಹತ್ತಿರ ಹೋಗಬೇಕು' ಅಂದರೆ ಸಾಕು.

ಪ್ರಶ್ನೆ: ಸ್ವಂತ ಅಂಗಡಿ, ಡೆಲಿವರಿ ಕೆಲಸ ಮಾಡುವವರು?

ಅವರ ಕಷ್ಟ ಬೇರೆ ತರಹ. ನಿಂತರೆ ಆದಾಯ ನಿಲ್ಲುತ್ತದೆ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಡೆಲಿವರಿಯಂಥ ಕೆಲಸ ಮಾಡುವವರ) ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿದೆ, ನೋಂದಣಿ ಮಾಡಿಸಿಕೊಳ್ಳಿ ಅನ್ನುವುದು ನನ್ನ ಮೊದಲ ಮಾತು. ಅಂಗಡಿಯವರಿಗೆ, ವಾರಕ್ಕೆ ಒಂದು ಮಧ್ಯಾಹ್ನವಾದರೂ ಬಾಗಿಲು ಹಾಕಿ. ಬೋರ್ಡಿನಲ್ಲಿ ಬರೆದು ಹಾಕಿದರೆ ಗಿರಾಕಿಗಳು ಹೊಂದಿಕೊಳ್ಳುತ್ತಾರೆ.

ಪ್ರಶ್ನೆ: ಹೊಸ ಕೆಲಸಕ್ಕೆ ಸೇರುವ ಮೊದಲು ಇದನ್ನೆಲ್ಲ ತಿಳಿಯುವುದು ಹೇಗೆ?

'ವರ್ಕ್ ಲೈಫ್ ಬ್ಯಾಲೆನ್ಸ್ ಹೇಗಿದೆ' ಅಂತ ಕೇಳಬೇಡಿ. ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಉತ್ತರ ತಪ್ಪಿಸಲು ಆಗದ ಪ್ರಶ್ನೆ ಕೇಳಿ. ಕ್ಲೈಂಟ್ ಯಾವ ಟೈಮ್‌ಜೋನ್? ವಾರಕ್ಕೆ ಎಷ್ಟು ದಿನ ರಾತ್ರಿ ಕಾಲ್? ಆನ್‌ಕಾಲ್ ಸರದಿಯಲ್ಲಿ ಎಷ್ಟು ಜನ ಇದ್ದಾರೆ? ಕಳೆದ ರಿಲೀಸ್ ಯಾವ ವಾರ, ಎಷ್ಟು ಗಂಟೆಗೆ ಮುಗಿಯಿತು? ಈ ಜಾಗದಲ್ಲಿ ಮೊದಲು ಇದ್ದವರು ಯಾಕೆ ಬಿಟ್ಟರು? ನೋಟಿಸ್ ಪೀರಿಯಡ್ ಎಷ್ಟು ಅನ್ನುವುದನ್ನೂ ನೋಡಿ. ಮೂರು ತಿಂಗಳ ನೋಟಿಸ್ ಇರುವ ಕಡೆ ಹೊರಬರುವುದು ಕಷ್ಟ. ಆಫರ್ ಬಂದ ಮೇಲೆ ಅಲ್ಲೇ ಕೆಲಸ ಮಾಡುವ ಒಬ್ಬರಿಗೆ ಸಂಜೆ ಎಂಟಕ್ಕೆ ಫೋನ್ ಮಾಡಿ. ಅವರು ಎಲ್ಲಿದ್ದಾರೆ ಅನ್ನುವುದೇ ಅರ್ಧ ಉತ್ತರ.

ಪ್ರಶ್ನೆ: ನಾನೇ ಮ್ಯಾನೇಜರ್. ಮೇಲಿನಿಂದ ನನಗೂ ಒತ್ತಡ ಇದೆ. ನಾನು ಏನು ಮಾಡಬಹುದು?

ಬಹಳ ಮಾಡಬಹುದು, ಅದೂ ಯಾರ ಅನುಮತಿಯೂ ಇಲ್ಲದೆ. ರಾತ್ರಿ ಬರೆದ ಮೇಲ್ ಅನ್ನು ಬೆಳಿಗ್ಗೆ 9.30ಕ್ಕೆ ಹೋಗುವ ಹಾಗೆ ಶೆಡ್ಯೂಲ್ ಮಾಡಿ. ನೀವು 'ಅರ್ಜೆಂಟ್ ಏನಿಲ್ಲ, ನಾಳೆ ನೋಡಿ' ಅಂತ ಬರೆದರೂ ಮ್ಯಾನೇಜರ್ ಹೆಸರು ಸ್ಕ್ರೀನ್ ಮೇಲೆ ಕಂಡರೆ ಹೊಸದಾಗಿ ಸೇರಿದ ಹುಡುಗಿ ಊಟ ಬಿಟ್ಟು ಎದ್ದೇಳುತ್ತಾಳೆ. ನೀವೂ ರಜೆ ಹಾಕಿ, ರಜೆಯಲ್ಲಿ ಆನ್‌ಲೈನ್ ಬರಬೇಡಿ. ನೀವು ಬಂದರೆ ಟೀಮ್ ಕೂಡ ಬರುತ್ತದೆ. ಶನಿವಾರ ದುಡಿಸಿದರೆ ಕಾಂಪ್ ಆಫ್ (ಬದಲಿ ರಜೆ) ಅನ್ನು ಅವರು ಕೇಳುವ ಮೊದಲೇ ಕೊಡಿ, ಅದೂ ಮುಂದಿನ ಎರಡು ವಾರದ ಒಳಗೆ. ತಡವಾಗಿ ಉಳಿದವರನ್ನು ಎಲ್ಲರ ಮುಂದೆ ಹೊಗಳುವ ಬದಲು ಹೇಳಿದ ದಿನಕ್ಕೆ ಸದ್ದಿಲ್ಲದೆ ಮುಗಿಸಿದವರನ್ನು ಹೊಗಳಿ.

ತಿಂಗಳಿಗೊಮ್ಮೆ ಲಾಗ್ಔಟ್ ಸಮಯಗಳನ್ನು ನೋಡಿ. ಯಾವುದಾದರೂ ಹೆಸರಿನ ಮುಂದೆ ರಾತ್ರಿ ಹತ್ತು, ಹನ್ನೊಂದು ಅಂತ ಸಾಲಾಗಿ ಕಂಡರೆ ಅವರನ್ನು ಕರೆದು ಕೂರಿಸಿ, ಅವರ ಪಟ್ಟಿಯಿಂದ ಒಂದು ಕೆಲಸವನ್ನು ಅಲ್ಲೇ ತೆಗೆದುಬಿಡಿ. ಯಾರಿಗೆ ಕೊಡುವುದು ಅನ್ನುವುದನ್ನು ಆಮೇಲೆ ನೋಡಬಹುದು. ಕೊಡಲು ಯಾರೂ ಇಲ್ಲದಿದ್ದರೆ ಆ ಲಾಗ್ಔಟ್ ಪಟ್ಟಿಯನ್ನೇ ಹಿಡಿದುಕೊಂಡು ಮೇಲಿನವರ ಹತ್ತಿರ ಹೋಗಿ, ಇನ್ನೊಬ್ಬರು ಬೇಕು ಅಂತ ಕೇಳಿ.